ಹನ್ನೆರಡು ದಿನದ ಹಾಜರಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ಶಿವಮೊಗ್ಗದಿಂದ ನಮಸ್ಕಾರ.

ನಾನು ಲೆಕ್ಕ ಬರೆಯುವವನು. ದುರ್ಗಿಗುಡಿಯಲ್ಲಿ ಮಹಡಿ ಮೇಲೊಂದು ಸಣ್ಣ ರೂಮು, ಎರಡು ಕುರ್ಚಿ, ಒಂದು ಹಳೇ ಕಂಪ್ಯೂಟರ್, ಗೋಡೆ ತುಂಬ ಫೈಲು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹೋಟೆಲು, ಲಾಡ್ಜು, ಬಟ್ಟೆ ಅಂಗಡಿ, ಮಾಚೇನಹಳ್ಳಿ ಕಡೆಯ ಒಂದೆರಡು ಸಣ್ಣ ವರ್ಕ್‌ಶಾಪು, ಸ್ವಚ್ಛತೆ ಮತ್ತು ಸೆಕ್ಯುರಿಟಿ ಗುತ್ತಿಗೆ ಹಿಡಿಯುವ ಒಬ್ಬರು, ಇವರೆಲ್ಲರ ಸಂಬಳದ ರಿಜಿಸ್ಟರ್ ನನ್ನ ಕೈಯಲ್ಲೇ ತಯಾರಾಗುತ್ತದೆ. ಯೂನಿಯನ್ನಿನವನಲ್ಲ, ಮಾಲೀಕರ ಸಂಘದವನೂ ಅಲ್ಲ. ಎರಡೂ ಕಡೆಯವರು ನನ್ನ ಮೇಜಿನ ಎದುರು ಕೂತು ಕಾಫಿ ಕುಡಿದಿದ್ದಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕನಿಷ್ಠ ವೇತನದ ವಿಷಯದಲ್ಲಿ ನಾನು ಸುಳ್ಳು ಬರೆದಿದ್ದೇನೆ. ಒಂದೆರಡು ಸಲ ಆದರೆ ಹೇಳುವ ಅಗತ್ಯ ಇರಲಿಲ್ಲ, ವರ್ಷಗಟ್ಟಲೆ ಬರೆದಿದ್ದೇನೆ. ಈ ಪತ್ರದ ಕೆಳಗೆ ಹೆಸರು ಹಾಕದೇ ಇರುವುದಕ್ಕೂ ಅದೇ ಕಾರಣ. ಹೇಡಿತನ ಅಂದರೆ ಒಪ್ಪಿಕೊಳ್ಳುತ್ತೇನೆ.

ಹೇಗೆ ಬರೆಯುತ್ತಿದ್ದೆ ಅಂತ ಹೇಳುತ್ತೇನೆ. ನಿಮ್ಮ ಇಲಾಖೆಗೆ ಇದು ಹೊಸ ವಿಷಯವೇನಲ್ಲ, ಆದರೂ ಒಂದು ಕಡೆ ಬರಹದಲ್ಲಿ ಇರಲಿ. ಲೆಕ್ಕ ಸುಲಭವಾಗಲಿ ಅಂತ ಒಂದು ಕೆಲಸಕ್ಕೆ ಸರ್ಕಾರ ಹೇಳಿದ ಕೂಲಿ ದಿನಕ್ಕೆ 600 ರೂಪಾಯಿ ಅಂತ ಇಟ್ಟುಕೊಳ್ಳಿ. 26 ದಿನಕ್ಕೆ 15,600 ಆಯಿತು. ಮಾಲೀಕ ನಿಜವಾಗಿ ಕೊಡುವುದು ತಿಂಗಳಿಗೆ 7,200. ಅದನ್ನು ಹಾಗೇ ಬರೆದರೆ ಸಿಕ್ಕಿಬೀಳುತ್ತಾರೆ. ಅದಕ್ಕೆ ದಿನದ ದರವನ್ನು ಮುಟ್ಟುವುದಿಲ್ಲ, ದಿನಗಳನ್ನು ಮುಟ್ಟುತ್ತೇವೆ. 7,200ನ್ನು 600ರಿಂದ ಭಾಗಿಸಿದರೆ ಹನ್ನೆರಡು. ಸರಿ, ಆ ಮನುಷ್ಯ ತಿಂಗಳಲ್ಲಿ ಹನ್ನೆರಡೇ ದಿನ ಕೆಲಸಕ್ಕೆ ಬಂದ ಅಂತ ಹಾಜರಿ ಹಾಕಿ, ಉಳಿದ ಹದಿನಾಲ್ಕು ದಿನ ಗೈರು ಅಂತ ತೋರಿಸುತ್ತೇವೆ. ರಿಜಿಸ್ಟರ್ ತೆರೆದು ನೋಡಿದವರಿಗೆ ಎಲ್ಲೂ ಕನಿಷ್ಠ ವೇತನಕ್ಕಿಂತ ಒಂದು ಪೈಸೆ ಕಡಿಮೆ ಕಾಣುವುದಿಲ್ಲ. ಇದನ್ನು ನಾವು ‘ದಿನ ಹೊಂದಿಸೋದು’ ಅಂತೀವಿ.

ಇದರಿಂದ ಕೂಲಿಯಲ್ಲಿ ಮೋಸ ಆಗುತ್ತದೆ, ಅಷ್ಟೇ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದೊಂದು ಆಗುತ್ತದೆ ಅಂತ ತಿಳಿದದ್ದು ಮೂರು ವರ್ಷದ ಹಿಂದೆ, ಒಂದು ಫೆಬ್ರವರಿಯಲ್ಲಿ.

ನಾನು ಲೆಕ್ಕ ಬರೆಯುವ ಒಂದು ಲಾಡ್ಜಿನಲ್ಲಿ ರೂಮು ಗುಡಿಸಿ ಒರೆಸುವ, ಚಾದರ ಬದಲಾಯಿಸುವ ಒಬ್ಬ ಹೆಣ್ಣುಮಗಳು ಇದ್ದರು. ಗರ್ಭಕೋಶದ ಆಪರೇಷನ್ ಆಯಿತು. ಡಾಕ್ಟರು ಎರಡು ತಿಂಗಳು ಬಗ್ಗಿ ಎದ್ದು ಮಾಡಬಾರದು ಅಂದರು. ಲಾಡ್ಜಿನಲ್ಲಿ ಹದಿನಾಲ್ಕು ಜನ ಇದ್ದರು, ಹಾಗಾಗಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇತ್ತು. ಇಎಸ್‌ಐ ಇದ್ದವರು ಕಾಯಿಲೆ ಬಿದ್ದು ಮನೆಯಲ್ಲಿದ್ದರೆ ಸಂಬಳದ ಶೇಕಡಾ 70ರಷ್ಟು ದುಡ್ಡು ಬರುತ್ತದೆ. ಆದರೆ ಅದಕ್ಕೊಂದು ಷರತ್ತು ಇದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಉಪಯೋಗಕ್ಕೆ ಬರುತ್ತದೆ. ಆಕೆಗೆ ನಾನು ತಿಂಗಳಿಗೆ ಹನ್ನೆರಡು ದಿನ ಬರೆದಿದ್ದೆ. ಆರು ತಿಂಗಳಿಗೆ 72.

ಆರು ದಿನ ಕಡಿಮೆ. ದುಡ್ಡು ಬರಲಿಲ್ಲ. ವಿಮಾ ಕಚೇರಿಯವರ ತಪ್ಪೇನೂ ಇಲ್ಲ, ಅವರ ಕಂಪ್ಯೂಟರಿನಲ್ಲಿ ನಾನು ಬರೆದದ್ದೇ ಇತ್ತು.

ಆಕೆ ಒಂದು ದಿನ ಗೋಡೆ ಹಿಡಿದುಕೊಂಡು ನಮ್ಮ ಮಹಡಿ ಮೆಟ್ಟಿಲು ಹತ್ತಿ ಬಂದರು. ಬಗ್ಗಬೇಡಿ ಅಂದವರಿಗೆ ಮೆಟ್ಟಿಲು ಹತ್ತಿಸಿದೆನಲ್ಲ ಅಂತ ಈಗಲೂ ನೆನಪಾಗುತ್ತದೆ. ಕೈಯಲ್ಲಿ ಒಂದು ಪ್ರಿಂಟ್ ತೆಗೆದ ಹಾಳೆ. “ಅಣ್ಣಾ, ನಾನು ಒಂದಿನಾನೂ ರಜಾ ಹಾಕಿಲ್ಲ, ಇದ್ರಲ್ಲಿ ಯಾಕೆ ಹನ್ನೆರಡು ಹನ್ನೆರಡು ಅಂತ ಬರ್ದಿದೆ?” ಅಂತ ಕೇಳಿದರು. ಜಗಳಕ್ಕೆ ಬಂದ ದನಿ ಆಗಿರಲಿಲ್ಲ. ನನಗೆ ಲೆಕ್ಕ ಗೊತ್ತು, ಏನೋ ತಪ್ಪಾಗಿದೆ, ಸರಿ ಮಾಡಿಕೊಡುತ್ತೇನೆ ಅಂತ ನಂಬಿ ಬಂದಿದ್ದರು.

ಅವರು ಹೋದ ಮೇಲೆ ನಾನು ಇನ್ನೊಂದು ಲೆಕ್ಕ ಹಾಕಿದೆ. ತಿಂಗಳಿಗೆ ಹನ್ನೆರಡರ ಬದಲು ಹದಿಮೂರು ಬರೆದಿದ್ದರೆ ಆರು ತಿಂಗಳಿಗೆ ಸರಿಯಾಗಿ 78 ಆಗುತ್ತಿತ್ತು. ಆ ಒಂದು ಹೆಚ್ಚಿನ ದಿನಕ್ಕೆ ಮಾಲೀಕ ಕಟ್ಟಬೇಕಾಗಿದ್ದ ಇಎಸ್‌ಐ ವಂತಿಗೆ, ಶೇಕಡಾ 3.25ರ ಪ್ರಕಾರ, ಹತ್ತೊಂಬತ್ತೂವರೆ ರೂಪಾಯಿ. ಮಾಲೀಕರು ಅದನ್ನು ಉಳಿಸು ಅಂತ ಹೇಳಿಯೂ ಇರಲಿಲ್ಲ. ಭಾಗಾಕಾರ ಸರಿಯಾಗಿ ಬಂತು ಅಂತ ನಾನೇ ಹನ್ನೆರಡು ಬರೆದೆ.

ಈಗ ನಿಮ್ಮ ಕಡೆ ಬರುತ್ತೇನೆ ಸಾರ್.

ಕನಿಷ್ಠ ವೇತನ ಎಷ್ಟಿರಬೇಕು ಅಂತ ಬೆಂಗಳೂರಿನಲ್ಲಿ ದೊಡ್ಡ ಚರ್ಚೆ ನಡೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಕರಡು ಅಧಿಸೂಚನೆ ಹೊರಡಿಸಿತು. ದರ ಗಣನೀಯವಾಗಿ ಏರಿಸುವ ಪ್ರಸ್ತಾಪ ಅದರಲ್ಲಿತ್ತು. ಮಾಲೀಕರ ಸಂಘಗಳು ಕೈಗಾರಿಕೆ ಮುಚ್ಚಿಹೋಗುತ್ತದೆ ಅಂದವು, ಕಾರ್ಮಿಕ ಸಂಘಟನೆಗಳು ಇದು ನ್ಯಾಯವಾಗಿ ಸಿಗಬೇಕಾದದ್ದು ಅಂದವು. ಆ ಅಂಕಿಗಳು ಗಾಳಿಯಿಂದ ಬಂದದ್ದಲ್ಲ ಅಂತ ನನಗೂ ಗೊತ್ತು. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಹಾಕಿಕೊಟ್ಟಿತ್ತು. ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಊಟ, ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪಕ್ಕೆ ಅಂತ ಶೇಕಡಾ 20. ಆಮೇಲೆ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಅಂತ ಇನ್ನೂ ಶೇಕಡಾ 25 ಸೇರಿಸಬೇಕು ಅಂತ ಹೇಳಿತು. ಕುಟುಂಬವನ್ನು ಎಣಿಸುವಾಗ ಮಾತ್ರ ಗಂಡ ಒಂದು, ಹೆಂಡತಿ ಸೊನ್ನೆ ಪಾಯಿಂಟ್ ಎಂಟು, ಇಬ್ಬರು ಮಕ್ಕಳು ತಲಾ ಸೊನ್ನೆ ಪಾಯಿಂಟ್ ಆರು, ಒಟ್ಟು ಮೂರು ಘಟಕ. ಹೆಂಡತಿ ಯಾಕೆ ಮುಕ್ಕಾಲು ಚಿಲ್ಲರೆ ಅನ್ನುವುದು ಒಂದು ಕಡೆ ಇರಲಿ, ಅಪ್ಪ ಅಮ್ಮ ಲೆಕ್ಕಕ್ಕೇ ಇಲ್ಲ. ನಮ್ಮ ಕಡೆ ಕೂಲಿ ಮಾಡುವವರ ಮನೆಯಲ್ಲಿ ಮುದುಕರಿಲ್ಲದ ಮನೆ ಎಲ್ಲಿದೆ ತೋರಿಸಿ.

ಅಂದರೆ ದರ ಜಾಸ್ತಿ ಆಯಿತು ಅನ್ನುವ ವಾದ ನನ್ನದಲ್ಲ. ನನ್ನ ತಕರಾರು ಬೇರೆ. ದರ ಏರಿದ ದಿನ ನನ್ನ ರೂಮಿನಲ್ಲಿ ಆಗುವುದು ಇಷ್ಟೇ: ಹನ್ನೆರಡು ಇದ್ದದ್ದು ಹತ್ತಾಗುತ್ತದೆ. ಭಾಗಿಸುವ ಅಂಕಿ ದೊಡ್ಡದಾಯಿತು, ದಿನ ಕಡಿಮೆ ಆಯಿತು. ಕೂಲಿಯವರ ಕೈಗೆ ಬರುವ ದುಡ್ಡು ಅಷ್ಟೇ. ವಿಮೆ, ಪಿಎಫ್ ಇನ್ನೂ ಸೊರಗುತ್ತದೆ. ಇಎಸ್‌ಐಗೆ ಇನ್ನೊಂದು ಗಂಟೂ ಇದೆ. ತಿಂಗಳ ಸಂಬಳ 21,000 ದಾಟಿದವರು ಅದರಿಂದ ಹೊರಗೆ, ಈ ಮಿತಿ ಇಟ್ಟದ್ದು 2017ರಲ್ಲಿ. ನಿಮ್ಮ ಕರಡಿನಲ್ಲಿದ್ದ ಕೆಲವು ದರ್ಜೆಯ ಕನಿಷ್ಠ ಸಂಬಳವೇ ಅದನ್ನು ದಾಟಿತ್ತು. ಪ್ರಾಮಾಣಿಕವಾಗಿ ಪೂರ್ತಿ ಸಂಬಳ ಕೊಟ್ಟರೆ ಇಎಸ್‌ಐ ಹೋಯಿತು, ಕಳ್ಳ ಲೆಕ್ಕ ಬರೆದರೆ ಉಳಿಯಿತು, ಆದರೆ ದಿನ ಸಾಲದೆ ಉಪಯೋಗಕ್ಕೆ ಬರಲಿಲ್ಲ. ಅದು ಕೇಂದ್ರದ ವಿಷಯ ಅಂತೀರಿ, ಗೊತ್ತು. ಆದರೆ ಕೇಂದ್ರಕ್ಕೆ ಬರೆಯಬೇಕಾದವರು ನೀವೇ ಅಲ್ವಾ.

ಮಾಲೀಕರೆಲ್ಲ ರಾಕ್ಷಸರು ಅಂತ ನಾನು ಬರೆದರೆ ಅದೂ ಸುಳ್ಳಾಗುತ್ತದೆ. ನಮ್ಮಲ್ಲಿ ಒಬ್ಬರು ಹೋಟೆಲಿನವರಿದ್ದಾರೆ. ಎಂಟು ಜನ ಕೆಲಸದವರು. ಅವರ ಪುಸ್ತಕ ಒಂದೇ. ಕೊಟ್ಟದ್ದೇ ಬರೆಯುತ್ತಾರೆ, ಬರೆದದ್ದೇ ಕೊಡುತ್ತಾರೆ. ಪ್ರತಿ ಏಪ್ರಿಲ್ 1ಕ್ಕೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಏರಿದಾಗ ನನಗೇ ಫೋನು ಮಾಡಿ ಎಷ್ಟಾಯಿತು ಅಂತ ಕೇಳುವವರು ಇವರೊಬ್ಬರೇ. ಇವರ ಎದುರಿಗೇ ಇನ್ನೊಂದು ಹೋಟೆಲು ಬಂತು. ಅಲ್ಲಿ ಸಪ್ಲೈಯರ್ ಹುಡುಗರಿಗೆ ಊಟ, ಮಲಗೋಕೆ ಅಟ್ಟ, ತಿಂಗಳಿಗೆ ಒಂದಿಷ್ಟು ಅಂತ. ದೋಸೆ ಐದು ರೂಪಾಯಿ ಕಡಿಮೆ. ಜನ ಎಲ್ಲಿಗೆ ಹೋಗುತ್ತಾರೆ? ನಾನೂ ಆ ಕಡೆ ಹೋಗಿ ತಿಂದಿದ್ದೇನೆ, ಸುಮ್ನೆ ಯಾಕೆ ಸುಳ್ಳು. ಈ ಹೋಟೆಲಿನವರು ಒಂದು ದಿನ ಕಾಫಿ ಲೋಟ ಇಟ್ಟು ಹೇಳಿದರು, “ಕಾನೂನು ಪಾಲಿಸೋದಕ್ಕೆ ನಾನು ದಂಡ ಕಟ್ತಾ ಇದೀನಿ, ಪಾಲಿಸದೇ ಇರೋರಿಗೆ ದಂಡ ಹಾಕೋರು ಯಾರೂ ಬರ್ತಾ ಇಲ್ಲ.”

ಮಾಚೇನಹಳ್ಳಿ ಕಡೆಯ ಕಥೆ ಇನ್ನೊಂದು ತರ. ಅಲ್ಲಿ ನನ್ನ ಗಿರಾಕಿಯೊಬ್ಬರು ಫೆಟ್ಲಿಂಗ್ ಮಾಡಿಕೊಡುತ್ತಾರೆ. ಎರಕ ಹೊಯ್ದ ಕಬ್ಬಿಣದ ಭಾಗಗಳಿಗೆ ಅಂಟಿದ ಮರಳು, ಅಂಚು, ಮುಳ್ಳು ಎಲ್ಲ ಉಜ್ಜಿ ತೆಗೆಯುವ ಕೆಲಸ. ದೂಳು, ಶಬ್ದ, ಕಣ್ಣಿಗೆ ಕಿಡಿ. ಕಬ್ಬಿಣ ಕೊಡುವವರು ದೊಡ್ಡ ಕಂಪನಿ, ಇವರದ್ದು ಬರೀ ದುಡಿಮೆ. ಹಾಗಾಗಿ ಇವರ ಖರ್ಚಿನಲ್ಲಿ ಮುಕ್ಕಾಲು ಪಾಲು ಕೂಲಿಯೇ. ಕಂಪನಿ ಕಿಲೋಗೆ ಇಷ್ಟು ಅಂತ ದರ ಬರೆದು ಎರಡು ವರ್ಷಕ್ಕೆ ಆರ್ಡರ್ ಕೊಡುತ್ತದೆ. ನಡುವೆ ಎರಡು ಏಪ್ರಿಲ್ ಬರುತ್ತವೆ, ಎರಡು ಸಲ ತುಟ್ಟಿಭತ್ಯೆ ಏರುತ್ತದೆ, ಕಿಲೋ ದರ ಮಾತ್ರ ಅಲ್ಲೇ. ಕೇಳಿದರೆ, ನಿಮಗಾಗದಿದ್ದರೆ ಹೇಳಿ, ಮಾಡೋರು ತುಂಬ ಜನ ಇದ್ದಾರೆ ಅನ್ನುವ ಉತ್ತರ. ಕಬ್ಬಿಣದ ರೇಟು ಏರಿದರೆ ದರ ಪರಿಷ್ಕರಣೆ ಮಾಡುವ ಕರಾರು ಇವರ ಅಕ್ಕಪಕ್ಕದ ಫೌಂಡ್ರಿಗಳಿಗೆ ಇದೆಯಂತೆ. ಮನುಷ್ಯರ ರೇಟು ಏರಿದರೆ ಅಂಥ ಕರಾರು ಇಲ್ಲ.

ಕೊಡುವ ಶಕ್ತಿ ಇಲ್ಲ ಅನ್ನುವುದು ಕನಿಷ್ಠ ವೇತನ ತಪ್ಪಿಸಲು ನೆಪ ಆಗಲಾರದು ಅಂತ ಸುಪ್ರೀಂ ಕೋರ್ಟು 1961ರಲ್ಲೇ, ಕೇರಳದ ಹಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಒಪ್ಪಿದೆ. ಆದರೆ ಆ ಮಾತು ಕೊನೆಯಲ್ಲಿ ನಿಂತ ಸಣ್ಣ ಮಾಲೀಕನಿಗೆ ಮಾತ್ರ ಅನ್ವಯ ಆಗಿ, ಅವನಿಗೆ ದರ ಕಟ್ಟುವ ಮೇಲಿನವನಿಗೆ ಆಗದಿದ್ದರೆ ಹೊರೆ ಎಲ್ಲಿಗೆ ಇಳಿಯುತ್ತದೆ ಹೇಳಿ. ಅವನು ನನ್ನ ಹತ್ತಿರ ಬರುತ್ತಾನೆ. ನಾನು ಭಾಗಾಕಾರ ಮಾಡುತ್ತೇನೆ.

ಇಷ್ಟು ಖಾಸಗಿಯವರ ವಿಷಯ. ಇನ್ನು ಸರ್ಕಾರದ್ದು. ಈ ಭಾಗ ಬರೆಯುವುದು ನನಗೆ ಕಷ್ಟ, ಯಾಕೆಂದರೆ ಅನ್ನ ತಿಂದ ಕಡೆಯ ಮಾತು.

ಗುತ್ತಿಗೆಯ ಗಿರಾಕಿ ಅಂದೆನಲ್ಲ, ಅವರು ಸರ್ಕಾರಿ ಕಚೇರಿಗಳಿಗೆ ಸ್ವಚ್ಛತೆಗೆ, ಕಾವಲಿಗೆ ಜನ ಕೊಡುತ್ತಾರೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಟೆಂಡರಿನಲ್ಲಿ ಸಂಬಳ ಎಷ್ಟು ಅಂತ ಮೊದಲೇ ನಿಗದಿ, ಕನಿಷ್ಠ ವೇತನವೇ. ಪೈಪೋಟಿ ಇರುವುದು ಸರ್ವಿಸ್ ಚಾರ್ಜಿನಲ್ಲಿ ಮಾತ್ರ. ಕೇಳೋಕೆ ಚೆನ್ನಾಗಿದೆ. ನಮ್ಮವರು ಹಾಕಿ ಗೆದ್ದ ಸರ್ವಿಸ್ ಚಾರ್ಜು ಎಷ್ಟು ಗೊತ್ತಾ? ಶೇಕಡಾ 0.01. ಒಂದು ಲಕ್ಷ ರೂಪಾಯಿ ಸಂಬಳ ಹಂಚಿದರೆ ಇವರಿಗೆ ಸಿಗುವುದು ಹತ್ತು ರೂಪಾಯಿ. ಟೆಂಡರ್ ತೆರೆದ ಅಧಿಕಾರಿಗಳು ಅದನ್ನು ಓದಿದರು, ಕಡಿಮೆ ಅಂತ ಸಹಿ ಹಾಕಿದರು. ಹತ್ತು ರೂಪಾಯಿ ಲಾಭಕ್ಕೆ ಒಬ್ಬ ಮನುಷ್ಯ ಯಾಕೆ ಇಷ್ಟು ಓಡಾಡುತ್ತಾನೆ, ಗಾಡಿ ಪೆಟ್ರೋಲಿಗೆ ಎಲ್ಲಿಂದ ತರುತ್ತಾನೆ ಅಂತ ಅಲ್ಲಿ ಯಾರೂ ಕೇಳಲಿಲ್ಲ.

ಎಲ್ಲಿಂದ ತರುತ್ತಾನೆ ಅಂತ ನಾನು ಹೇಳುತ್ತೇನೆ. ನನ್ನ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಹನ್ನೊಂದು ಎಟಿಎಂ ಕಾರ್ಡು ಇತ್ತು. ಪ್ರತಿಯೊಂದರ ಹಿಂದೆ ಬಿಳಿ ಪಟ್ಟಿ ಅಂಟಿಸಿ ನಾಲ್ಕು ಅಂಕಿ ಬರೆದಿತ್ತು. ಸಂಬಳ ಪೂರ್ತಿ ಬ್ಯಾಂಕಿಗೇ ಹೋಗುತ್ತದೆ, ದಾಖಲೆ ಪಕ್ಕಾ. ಅದೇ ದಿನ ಸಂಜೆ ಗುತ್ತಿಗೆದಾರರ ಹುಡುಗ ಬಂದು ಕಾರ್ಡು ತೆಗೆದುಕೊಂಡು ಹೋಗಿ ದುಡ್ಡು ಬಿಡಿಸಿ, ಕೆಲಸದವರಿಗೆ ಅವರವರ ಪಾಲು ಅಂತ ಕೈಗೆ ಕೊಡುತ್ತಿದ್ದ. ಪಾಲು! ಅವರದ್ದೇ ಸಂಬಳ. ಆ ಡ್ರಾಯರ್ ಕೀಲಿ ನಾನು ವಾಪಸ್ ಕೊಟ್ಟು, ಆ ಗಿರಾಕಿಯನ್ನು ಬಿಟ್ಟು ಎರಡು ವರ್ಷ ಆಯಿತು. ಬೇರೆ ಯಾರದೋ ಡ್ರಾಯರಿನಲ್ಲಿ ಈಗ ಇರಬಹುದು.

ಅದೇ ಗುತ್ತಿಗೆದಾರರನ್ನು ಬೈಯೋಣ ಅಂದರೆ ಅವರದ್ದೂ ಒಂದು ಮಾತಿದೆ. ಕಚೇರಿ ಅವರ ಬಿಲ್ಲನ್ನು ಐದು ತಿಂಗಳು ಇಟ್ಟುಕೊಂಡಿತ್ತು. ಅನುದಾನ ಬಂದಿಲ್ಲ ಅಂತ. ಕಾನೂನು ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಅವರು ಬಡ್ಡಿಗೆ ತಂದು ಕೊಟ್ಟರು, ಆ ಬಡ್ಡಿಯನ್ನು ಯಾರ ಕೈಯಿಂದ ಹಿಂಡಿದರು ಅಂತ ಬೇರೆ ಹೇಳಬೇಕಾಗಿಲ್ಲ.

1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಸಂಬಳ ಬಟವಾಡೆ ಆಗುವಾಗ ಮೂಲ ಮಾಲೀಕರ ಕಡೆಯ ಒಬ್ಬರು ಎದುರಿಗೆ ನಿಂತು, ಇಷ್ಟು ಕೊಟ್ಟದ್ದು ಕಂಡೆ ಅಂತ ಸಹಿ ಹಾಕಬೇಕು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. ಸರ್ಕಾರಿ ಕಚೇರಿಯಲ್ಲಿ ಆ ಮೂಲ ಮಾಲೀಕ ಅಂದರೆ ಸರ್ಕಾರವೇ. ಬ್ಯಾಂಕ್ ಬಂದ ಮೇಲೆ ಎದುರಿಗೆ ನಿಲ್ಲುವವರೂ ಹೋದರು. ರಾಜಸ್ಥಾನದಲ್ಲಿ ಬರಗಾಲದ ರಸ್ತೆ ಕೆಲಸಕ್ಕೆ ಕಡಿಮೆ ಕೂಲಿ ಕೊಟ್ಟಾಗ ಸುಪ್ರೀಂ ಕೋರ್ಟು 1983ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ಪ್ರಕಾರ ಬಲವಂತದ ದುಡಿಮೆ ಅಂದಿತು. ಅದು ಸರ್ಕಾರಕ್ಕೇ ಹೇಳಿದ ಮಾತು. ಕಚೇರಿಯ ನೆಲ ಒರೆಸುವವರನ್ನು ನೋಡಿದಾಗ ಅಧಿಕಾರಿಗಳಿಗೆ ಅದು ನೆನಪಾಗಬೇಕಲ್ಲ.

ನಾನೂ ಮಾಲೀಕನೇ ಅನ್ನುವುದನ್ನು ಮರೆತಿಲ್ಲ. ಹೊಸನಗರದ ಹತ್ತಿರ ಅಪ್ಪ ಬಿಟ್ಟು ಹೋದ ಒಂದೂವರೆ ಎಕರೆ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದು ಮರಗಳು ಸೊರಗಿವೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವುದು, ಕೊನೆ ತೆಗೆಸುವುದು, ಸುಲಿಸುವುದು, ಬೇಯಿಸುವುದು, ಎಲ್ಲಕ್ಕೂ ಆಳು ಬೇಕು, ಆಳು ಇಲ್ಲ. ಮರ ಹತ್ತುವವರು ಕೇಳಿದ್ದೇ ದರ. ಅವರಿಗೆ ಕನಿಷ್ಠ ವೇತನ ಹೇಳಿದರೆ ನಗುತ್ತಾರೆ. ಗ್ಯಾರಂಟಿ ಬಂದ ಮೇಲೆ ಆಳು ಸಿಗಲ್ಲ ಅಂತ ನಮ್ಮೂರಲ್ಲಿ ಎಲ್ಲರೂ ಗೊಣಗುತ್ತಾರೆ. ಗೃಹಲಕ್ಷ್ಮಿಯ 2,000ವನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 66 ರೂಪಾಯಿ ಚಿಲ್ಲರೆ. ಅಷ್ಟಕ್ಕೇ ಒಬ್ಬರು ಕೆಲಸ ಬಿಟ್ಟರು ಅಂದರೆ ನಾವು ಕೊಡುತ್ತಿದ್ದದ್ದು ಎಷ್ಟು ಅಂತ ಅವರೇ ಯೋಚಿಸಬೇಕು.

ಆದರೆ ಹೆಂಗಸರ ಕೂಲಿ ಬೇರೆ. ನಮ್ಮೂರಿನಲ್ಲಿ ಗಂಡಾಳಿಗೆ 600 ಇದ್ದರೆ ಹೆಣ್ಣಾಳಿಗೆ 400. ಇಬ್ಬರೂ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಹೋಗುತ್ತಾರೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ ಕಾಯ್ದೆ ಆಗಿದ್ದು 1976ರಲ್ಲಿ. ನರೇಗಾದಲ್ಲಿ 2025-26ಕ್ಕೆ ದಿನಕ್ಕೆ 370 ಇತ್ತು, ಗಂಡು ಹೆಣ್ಣು ಅಂತ ಭೇದ ಇರಲಿಲ್ಲ. ಪಂಚಾಯಿತಿಯ ಕೆರೆ ಹೂಳು ತೆಗೆಯುವಾಗ ಸಮಾನ, ನಮ್ಮ ತೋಟದಲ್ಲಿ ಸೊಪ್ಪು ಹೊರುವಾಗ ಅಲ್ಲ.

ಅಡಿಕೆ ಸುಲಿಗೆಯ ವಿಷಯ ಇನ್ನೂ ಹೇಳಬೇಕು. ರಾತ್ರಿ ಊಟ ಮುಗಿಸಿ ಬಂದು, ಮೆಟ್ಟುಗತ್ತಿ ಮುಂದೆ ಕೂತು ಹತ್ತು ಹನ್ನೊಂದರ ತನಕ ಹಸಿ ಅಡಿಕೆ ಸುಲಿಯುವವರು ಹೆಚ್ಚಾಗಿ ಹೆಂಗಸರು. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿರುತ್ತದೆ. ಇವರಿಗೆ ದಿನಗೂಲಿ ಇಲ್ಲ, ಡಬ್ಬದ ಲೆಕ್ಕ. ಒಂದು ಡಬ್ಬಕ್ಕೆ ಇಷ್ಟು. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ತಗಡಿನ ಡಬ್ಬ ಇತ್ತು. ಅಪ್ಪ ಹೋದ ವರ್ಷ ಸುಲಿಗೆ ಹೊತ್ತಿಗೆ ನಾನು ಪೇಟೆಯಿಂದ ಒಂದು ಹೊಸ ಡಬ್ಬ ತಂದೆ. ಹಳೆಯದು ತುಂಬಿ ಸುರಿದರೆ ಹೊಸದರಲ್ಲಿ ಹಿಡಿಸದೆ ಹೊರಗೆ ಚೆಲ್ಲಿತು. ನೋಡಿದರೆ ಹಳೆಯದರ ಬಾಯಿಗೆ ನಾಲ್ಕು ಬೆರಳು ಎತ್ತರದ ತಗಡಿನ ಪಟ್ಟಿ ಬೆಸುಗೆ ಹಾಕಿಸಿದ್ದರು. ನಾನು ಹುಡುಗನಾಗಿದ್ದಾಗಿನಿಂದ ಸುಲಿಯಲು ಬರುತ್ತಿದ್ದ ಅಜ್ಜಿ ಅಲ್ಲೇ ಕೂತಿದ್ದರು. “ಸಣ್ಣಯ್ಯಾ, ಅದು ನಿಮ್ಮಪ್ಪಯ್ಯನ ಡಬ್ಬ, ಅದಕ್ಕೆ ಹೊಟ್ಟೆ ಜಾಸ್ತಿ” ಅಂದರು. ಉಳಿದವರು ತಲೆ ಎತ್ತದೆ ಸುಲಿಯುತ್ತಾ ನಕ್ಕರು. ಎಲ್ಲರಿಗೂ ಮೊದಲಿಂದ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ, ಲೆಕ್ಕ ಬರೆಯುವವನು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಭತ್ತ ಅಳೆಯುವ ಕೊಳಗದ ಜಗಳದಿಂದಲೂ ಹೌದು, ಒಡೆಯರ ಕೊಳಗ ದೊಡ್ಡದು ಅಂತ. ಆ ಕಥೆಯನ್ನು ಅಪ್ಪ ಎಷ್ಟು ಸಲ ಹೇಳಿದ್ದರು, ಎಷ್ಟು ಹೆಮ್ಮೆಯಿಂದ ಹೇಳಿದ್ದರು ಅಂದರೆ ನನಗೆ ಆ ಡಬ್ಬ ನೋಡಿ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಈಗ ನಮ್ಮಲ್ಲಿ ತಕ್ಕಡಿ ಇದೆ, ಕಿಲೋ ಲೆಕ್ಕ. ಗಂಡಾಳು ಹೆಣ್ಣಾಳು ದರವನ್ನೂ ಎರಡು ವರ್ಷದಿಂದ ಒಂದೇ ಮಾಡಿದ್ದೇನೆ. ಪಕ್ಕದ ತೋಟದವರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ, ಊರಿನ ರೇಟು ಕೆಡಿಸಿದ ಅಂತ.

ಕಾನೂನಿನಲ್ಲಿ ಇದಕ್ಕೆ ಜಾಗ ಇಲ್ಲ ಅಂತಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಬೇಸಾಯ, ತೋಟಗಾರಿಕೆ, ಫಸಲನ್ನು ಮಾರುಕಟ್ಟೆಗೆ ಸಿದ್ಧ ಮಾಡುವ ಕೆಲಸ ಎಲ್ಲ ಸೇರಿತ್ತು, ಅಂದರೆ ಸುಲಿಗೆಯೂ ಸೇರಿತ್ತು. ತೂಕ ಅಥವಾ ಅಳತೆ ಲೆಕ್ಕದಲ್ಲಿ ದುಡಿಯುವವರಿಗೂ ದಿನದ ಕನಿಷ್ಠ ಕೂಲಿಗಿಂತ ಕಡಿಮೆ ಬರಬಾರದು ಅನ್ನುವ ನಿಯಮವೂ ಇತ್ತು, ಹೊಸ ಕಾನೂನಿನಲ್ಲೂ ಇದೆ. ಆದರೆ ಡಬ್ಬ ಎಷ್ಟು ದೊಡ್ಡದು ಅಂತ ನೋಡಲು ಯಾರೂ ತೋಟಕ್ಕೆ ಬಂದದ್ದು ನನಗೆ ಗೊತ್ತಿಲ್ಲ.

2025ರ ನವೆಂಬರ್ 21ರಿಂದ ಹಳೆಯ ಕೂಲಿ ಕಾಯ್ದೆಗಳ ಬದಲು ವೇತನ ಸಂಹಿತೆ ಅನ್ನುವ ಹೊಸ ಕಾನೂನು ಜಾರಿಗೆ ಬಂದಿದೆ. ಅದರಲ್ಲಿ ಕೆಲವು ಒಳ್ಳೆಯದೂ ಇವೆ. ಪಟ್ಟಿಯಲ್ಲಿ ಹೆಸರಿರುವ ಉದ್ಯೋಗಕ್ಕೆ ಮಾತ್ರ ಕನಿಷ್ಠ ವೇತನ ಅನ್ನುವುದು ಹೋಗಿ ಎಲ್ಲ ಕೆಲಸಕ್ಕೂ ಬಂತು. ಬಾಕಿ ಕೇಳುವುದಕ್ಕೆ ಮೊದಲು ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಕಡಿಮೆ ಕೊಟ್ಟರೆ ಮೊದಲು ದಂಡ 500 ರೂಪಾಯಿವರೆಗೆ ಇತ್ತು, ಅದು ಒಂದು ಸಂಜೆಯ ಪಾರ್ಟಿ ಖರ್ಚೂ ಅಲ್ಲ. ಈಗ 50,000ದವರೆಗೆ. ಇನ್‌ಸ್ಪೆಕ್ಟರು ಈಗ ಬರೀ ತಪಾಸಣೆ ಮಾಡುವವರಲ್ಲ, ತಿಳಿಹೇಳಿ ಸಹಾಯವನ್ನೂ ಮಾಡಬೇಕು. ಕೂಲಿ ಕಡಿಮೆ ಕೊಟ್ಟದ್ದನ್ನು ಬಿಟ್ಟು ಉಳಿದ ನಿಯಮಗಳಲ್ಲಿ ಮೊದಲ ಸಲ ತಪ್ಪಿದರೆ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಗೊತ್ತಿಲ್ಲದೆ ತಪ್ಪಿದ ಸಣ್ಣ ಹೋಟೆಲಿನವರಿಗೆ ಇದು ಒಳ್ಳೆಯದು. ನನ್ನಂಥವನನ್ನು ಇಟ್ಟುಕೊಂಡು ಗೊತ್ತಿದ್ದೂ ತಪ್ಪಿದವರಿಗೆ ಇದು ಇನ್ನೂ ಒಳ್ಳೆಯದು.

2020ರ ಒಂದು ವಿಷಯ ನೆನಪಿಸಬೇಕು. ಕೊರೋನಾ ವರ್ಷ, ಆಗಿನ ಸರ್ಕಾರ ಆ ಏಪ್ರಿಲ್‌ನ ತುಟ್ಟಿಭತ್ಯೆಯನ್ನು ಮುಂದೂಡಲು ಆದೇಶ ಹೊರಡಿಸಿತು. ಹೈಕೋರ್ಟು ತಡೆ ಕೊಟ್ಟಿತು. ಆಗ ನನ್ನ ಗಿರಾಕಿಗಳಲ್ಲಿ ಕೆಲವರಿಗೆ ಆದೇಶ ಬಂದದ್ದು ಒಂದೇ ದಿನದಲ್ಲಿ ಗೊತ್ತಾಯಿತು, ತಡೆ ಬಂದದ್ದು ಮುಂದಿನ ಏಪ್ರಿಲ್‌ವರೆಗೂ ಗೊತ್ತಾಗಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ದರ ನೀವು ಎಷ್ಟಾದರೂ ಇಡಿ, ಸೂತ್ರದ ಪ್ರಕಾರ ಇಡಿ. ನಗರಕ್ಕೊಂದು ವಲಯ, ತಾಲ್ಲೂಕಿಗೊಂದು ವಲಯ ಅಂತ ಕಡಿಮೆ ಮಾಡುವಾಗ ಮಾತ್ರ ಒಮ್ಮೆ ಆಗುಂಬೆಗೆ ಬಂದು ಗ್ಯಾಸ್ ಸಿಲಿಂಡರ್ ಎಷ್ಟು, ಅಕ್ಕಿ ಎಷ್ಟು ಅಂತ ಕೇಳಿ. ಬಸ್ಸಿನ ಖರ್ಚೂ ಕೇಳಿ. ನಮ್ಮ ಮಲೆನಾಡಿನ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಶಕ್ತಿ ಯೋಜನೆಯ ಟಿಕೆಟ್ ನಡೆಯುವುದಿಲ್ಲ.

ಸರ್ಕಾರಿ ಟೆಂಡರಿನಲ್ಲಿ ಸೊನ್ನೆಗೆ ಹತ್ತಿರದ ಸರ್ವಿಸ್ ಚಾರ್ಜು ಹಾಕಿದವರನ್ನು ಗೆಲ್ಲಿಸಬೇಡಿ. ಇದಕ್ಕಿಂತ ಕೆಳಗೆ ಇಲ್ಲ ಅಂತ ಒಂದು ಮಿತಿ ಇಡಿ. ಬಿಲ್ಲು ತಡವಾದರೆ ಬಡ್ಡಿಯನ್ನು ಕಚೇರಿಯೇ ಕಟ್ಟಲಿ. ತಿಂಗಳಿಗೊಮ್ಮೆ ಕಚೇರಿಯ ಒಬ್ಬ ಅಧಿಕಾರಿ ಆ ಹನ್ನೊಂದು ಜನರನ್ನು ಕೂರಿಸಿ, ನಿಮ್ಮ ಕಾರ್ಡು ನಿಮ್ಮ ಹತ್ತಿರ ಇದೆಯಾ, ತೆಗೆದು ತೋರಿಸಿ ಅಂತ ಕೇಳಲಿ. ಐದು ನಿಮಿಷದ ಕೆಲಸ. ಕೆಲಸ ಮಾಡಿಸುವ ದೊಡ್ಡ ಕಂಪನಿಗಳ ಆರ್ಡರಿನಲ್ಲಿ, ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಷ್ಟು ಜಾಬ್ ವರ್ಕ್ ದರವೂ ಏರುತ್ತದೆ ಅನ್ನುವ ಒಂದು ಸಾಲು ಇರುವಂತೆ ಮಾಡಿ. ಸುಲಿಗೆಗೆ ಡಬ್ಬ ಬಿಡಿಸಿ ತೂಕ ತನ್ನಿ.

ಇನ್ನು ನನ್ನಂಥವರನ್ನು ಹಿಡಿಯುವುದು. ಅದಕ್ಕೆ ಜೀಪೂ ಬೇಡ, ದಾಳಿಯೂ ಬೇಡ. ಹಾಜರಿಯ ಅಂಕಿ ಪ್ರತಿ ತಿಂಗಳು ಇಎಸ್‌ಐ ಕಂಪ್ಯೂಟರಿಗೆ ನಾವೇ ಹಾಕುತ್ತೇವೆ. ಹದಿನಾಲ್ಕು ಜನ ಇರುವ ಲಾಡ್ಜಿನಲ್ಲಿ ಹದಿನಾಲ್ಕೂ ಜನ ವರ್ಷವಿಡೀ ತಿಂಗಳಿಗೆ ಹನ್ನೆರಡೇ ದಿನ ಬಂದರು ಅಂದರೆ ಆ ಲಾಡ್ಜಿನ ಬಾಗಿಲು ತೆಗೆಯುವವರು ಯಾರು, ಚಾದರ ಬದಲಾಯಿಸುವವರು ಯಾರು? ಆ ಪಟ್ಟಿ ಅವರಿಂದ ಕೇಳಿ ತರಿಸಿಕೊಂಡರೆ ಶಿವಮೊಗ್ಗ ಜಿಲ್ಲೆಯದ್ದು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಬಹುದು.

ಬೇಗ ನೋಡಿ. ಆ ಹೆಣ್ಣುಮಗಳು ಈಗ ಬೇರೆ ಕಡೆ ಕೆಲಸದಲ್ಲಿದ್ದಾರೆ. ಆವತ್ತು ಅವರಿಗೆ ಬರಬೇಕಿದ್ದ ದುಡ್ಡನ್ನು ನಾನು ನನ್ನ ಕೈಯಿಂದ ಕೊಟ್ಟೆ, ಎರಡು ಕಂತಿನಲ್ಲಿ, ಅದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹೋದ ತಿಂಗಳು ಮತ್ತೆ ಬಂದು ಮೊಬೈಲ್ ಕೊಟ್ಟು, “ಹೊಸ ಕಡೆ ಎಷ್ಟು ದಿನ ಹಾಕಿದಾರೆ ನೋಡಿ ಹೇಳಣ್ಣಾ” ಅಂದರು. ನೋಡಿದೆ. ಆರು ತಿಂಗಳೂ ಹದಿಮೂರು, ಹದಿಮೂರು. ನಮ್ಮ ಕಸುಬಿನವರು ಇಷ್ಟು ಬೇಗ ಕಲಿತುಬಿಟ್ಟಿದ್ದಾರೆ.

ಕೊನೆಗೊಂದು ಸಣ್ಣ ಕೆಲಸ. ಕೆಲಸದ ಜಾಗದಲ್ಲಿ ಕೂಲಿ ದರದ ಫಲಕ ಹಾಕಬೇಕು ಅಂತ ಸಂಹಿತೆಯಲ್ಲೇ ಇದೆ. ಅದು ಮಾಲೀಕರ ಗೋಡೆ, ಅವರಿಗೆ ಬೇಕಾದ ಹಾಗೆ ಕ್ಯಾಲೆಂಡರಿನ ಹಿಂದೆ ಹಾಕುತ್ತಾರೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ, ಭದ್ರಾವತಿಯಲ್ಲಿ ಒಂದೊಂದು ದೊಡ್ಡ ಬೋರ್ಡು ಹಾಕಲು ಅನುಮತಿ ಕೊಡಿ. ಹೋಟೆಲ್, ಲಾಡ್ಜು, ಅಂಗಡಿ, ಸ್ವಚ್ಛತೆ, ತೋಟ, ಸುಲಿಗೆ, ಇಷ್ಟಕ್ಕೆ ದಿನಕ್ಕೆ ಎಷ್ಟು ಅಂತ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಕೆಳಗೆ ದೂರು ಹೇಳಲು ಒಂದು ನಂಬರು, ಎತ್ತುವವರಿರುವ ನಂಬರು. ಬರೆಯುವ ಪೇಂಟರು ನನಗೆ ಗೊತ್ತಿರುವವರೇ, ಏಳು ಬೋರ್ಡಿನ ಖರ್ಚು ನಾನು ಕೊಡುತ್ತೇನೆ. ಏಪ್ರಿಲ್ 1ಕ್ಕೆ ದರ ಬದಲಾದಾಗ ಅಂಕಿ ತಿದ್ದಿಸುವುದೂ ನನ್ನ ಜವಾಬ್ದಾರಿ. ಅನುಮತಿ ಪತ್ರವನ್ನು ಇಲ್ಲಿನ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಕಳಿಸಿದರೆ ಸಾಕು, ನಾನೇ ಹೋಗಿ ವಿಚಾರಿಸಿಕೊಳ್ಳುತ್ತೇನೆ. ಆಗ ಹೆಸರೂ ಹೇಳುತ್ತೇನೆ.

ಇಂತಿ,
ಶಿವಮೊಗ್ಗದ ಒಬ್ಬ ಲೆಕ್ಕ ಬರೆಯುವವನು